ಶೃಂಗವೂ ನಾಮವೂ: ಅನಿಲ ವರ್ಣರೇಖನದ ತತ್ತ್ವ ಮತ್ತು ಹಾಸನ ಸೀಮೆಯ ತುಪ್ಪ

1. ಪ್ರಸ್ತಾವನೆ

ಹಲವು ವಸ್ತುಗಳು ಬೆರೆತಿರುವ ಮಿಶ್ರಣವೊಂದನ್ನು ಆವಿಯ ರೂಪಕ್ಕೆ ತಂದು, ಅದರ ಅಂಶಗಳನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದರ ಪ್ರಮಾಣವನ್ನು ಅಳೆಯುವ ವಿಧಾನಕ್ಕೆ ಅನಿಲ ವರ್ಣರೇಖನವೆಂದು ಹೆಸರು. 1952ರಿಂದ ಈಚೆಗೆ ವಿಶ್ಲೇಷಣ ರಸಾಯನಶಾಸ್ತ್ರದಲ್ಲಿ ಇದರಷ್ಟು ವ್ಯಾಪಕವಾಗಿ ಬಳಕೆಗೆ ಬಂದ ವಿಧಾನಗಳು ಕೆಲವೇ. ಇದರ ವೇಗ, ಸೂಕ್ಷ್ಮತೆ, ನಿಖರತೆಗಳ ವರ್ಣನೆಗೆ ಪಠ್ಯಗ್ರಂಥಗಳಲ್ಲಿ ಕೊರತೆಯಿಲ್ಲ. ಇದರ ಮಿತಿಯ ವಿಚಾರವಾದರೋ ಸಾಮಾನ್ಯವಾಗಿ ಅಧ್ಯಾಯದ ಕೊನೆಯ ನಾಲ್ಕು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆ ನಾಲ್ಕು ಸಾಲುಗಳನ್ನು ವಿಸ್ತರಿಸಿ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ತಕ್ಕ ಸಂದರ್ಭವೂ ಒದಗಿದೆ. 2024ರ ಜುಲೈ ತಿಂಗಳಲ್ಲಿ, ತಿರುಮಲದ ಲಡ್ಡು ಪ್ರಸಾದಕ್ಕೆಂದು ಬಂದಿದ್ದ ತುಪ್ಪದ ಮಾದರಿಗಳನ್ನು ಗುಜರಾತಿನ ಆನಂದದಲ್ಲಿರುವ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ವರದಿ ಬಹಿರಂಗವಾದಾಗ ದೇಶವೆಲ್ಲ ಅದನ್ನು ಓದಿತು. ಹಾಗೆ ಓದಲ್ಪಟ್ಟ ಅಂಕಿಗಳು ಅನಿಲ ವರ್ಣರೇಖನದಿಂದ ಹುಟ್ಟಿದವು. ಅದುವರೆಗೆ ಪ್ರಯೋಗಶಾಲೆಯ ಗೋಡೆಗಳೊಳಗೆ ಉಳಿದಿದ್ದ ವಿಧಾನವೊಂದರ ಫಲಿತಾಂಶ ಒಮ್ಮೆಗೇ ಬೀದಿಯ ಮಾತಾಯಿತು. ಆ ವ್ಯಾಜ್ಯದ ನಿರ್ಣಯ ನಮ್ಮ ವಿಷಯವಲ್ಲ. 2024ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದಕ್ಕಾಗಿ ವಿಶೇಷ ತನಿಖಾ ತಂಡವನ್ನು ನೇಮಿಸಿತು. ನಮಗೆ ಮುಖ್ಯವಾದುದು ವರದಿಯನ್ನು ಓದಿದ ರೀತಿ. ಆ ಓದಿನಲ್ಲಿ ಕಂಡ ದೋಷ ಸಾಮಾನ್ಯ ಜನರದು ಮಾತ್ರವಲ್ಲ. ನಮ್ಮ ತರಗತಿಗಳಲ್ಲಿಯೂ ಅದು ಬೇರೂರಿದೆ.

ಆ ದೋಷವನ್ನು ಒಂದು ವಾಕ್ಯದಲ್ಲಿ ಹೇಳುವುದಾದರೆ: ಯಂತ್ರವು ಹೊತ್ತನ್ನೂ ಪ್ರಮಾಣವನ್ನೂ ತಿಳಿಸುತ್ತದೆ, ಹೆಸರನ್ನು ಇಡುವವರು ನಾವು, ಆದರೆ ಹೆಸರನ್ನೂ ಯಂತ್ರವೇ ಹೇಳಿತೆಂದು ನಂಬುತ್ತೇವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಾಲು, ಕೊಬ್ಬರಿ, ಹೊಗೆಸೊಪ್ಪುಗಳ ಬೆಲೆ ಈಗ ಬಹುಮಟ್ಟಿಗೆ ಇಂತಹ ಯಂತ್ರಗಳ ಮುಂದೆ ನಿಂತಿರುವುದರಿಂದ, ಇದು ಕೇವಲ ತರ್ಕದ ವಿಚಾರವಾಗಿ ಉಳಿದಿಲ್ಲ.

2. ಹೆಸರಿನ ವಿಚಾರ

ವರ್ಣರೇಖನವೆಂದರೆ ಬಣ್ಣದ ಬರಹ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ 1903ರಲ್ಲಿ ವಾರ್ಸಾ ನಗರದಲ್ಲಿ ತನ್ನ ವಿಧಾನವನ್ನು ವಿವರಿಸಿ, 1906ರ ಲೇಖನಗಳಲ್ಲಿ ಅದಕ್ಕೆ ಈ ಹೆಸರನ್ನಿತ್ತನು. ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೇಲೆ ಎಲೆಯ ರಸವನ್ನು ಸುರಿದು, ದ್ರಾವಕದಿಂದ ಇಳಿಯಿಸಿದಾಗ ಹಸುರು, ಹಳದಿ ಪಟ್ಟಿಗಳು ಬೇರೆಬೇರೆಯಾಗಿ ನಿಂತವು. ಅಲ್ಲಿ ಬಣ್ಣವು ಕಣ್ಣಿಗೆ ಕಾಣುತ್ತಿತ್ತು. ಪ್ರತಿಯೊಂದು ಪಟ್ಟಿಯೂ ತನ್ನ ಬಣ್ಣದಿಂದಲೇ ತನ್ನ ಗುರುತನ್ನು ಸ್ವಲ್ಪಮಟ್ಟಿಗಾದರೂ ಹೇಳುತ್ತಿತ್ತು.

ಅನಿಲ ವರ್ಣರೇಖನದಲ್ಲಿ ಬಣ್ಣವೂ ಇಲ್ಲ, ಪಟ್ಟಿಯೂ ಇಲ್ಲ. ಕಣ್ಣಿಗೆ ಕಾಣದ ಆವಿಗಳು ಕಣ್ಣಿಗೆ ಕಾಣದ ಅನಿಲದಲ್ಲಿ ಸಾಗಿ, ಒಂದು ವಿದ್ಯುತ್ ಸಂಜ್ಞೆಯ ಏರಿಳಿತವಾಗಿ ಕಾಗದದ ಮೇಲೆ ಮೂಡುತ್ತವೆ. ಈ ಆಲೇಖದಲ್ಲಿ ಗುಡ್ಡಗಳಂತೆ ಕಾಣುವ ಶೃಂಗಗಳೆಲ್ಲ ಒಂದೇ ಬಣ್ಣದವು, ಬಹುಮಟ್ಟಿಗೆ ಒಂದೇ ಆಕಾರದವು. ಹೆಸರು ಉಳಿಯಿತು, ಹೆಸರಿಗೆ ಕಾರಣವಾದ ಗುಣ ಹೋಯಿತು. ಹೆಸರನ್ನು ಬದಲಿಸಬೇಕೆಂದು ನಾವು ವಾದಿಸುವುದಿಲ್ಲ. ರೂಢಿಗೆ ಬಂದ ಪದವನ್ನು ಕೀಳುವುದು ವ್ಯರ್ಥ ಶ್ರಮ. ಆದರೆ ಈ ಪದವು ವಿದ್ಯಾರ್ಥಿಯ ಮನಸ್ಸಿನಲ್ಲಿ, ವಸ್ತುವು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆಯೆಂಬ ಭಾವನೆಯನ್ನು ಉಂಟುಮಾಡುತ್ತದೆ. ಅದನ್ನು ಮೊದಲ ಪಾಠದಲ್ಲಿಯೇ ನಿವಾರಿಸಬೇಕು.

3. ಬೇರ್ಪಡೆಯ ತತ್ತ್ವ

ಎ. ಜೆ. ಪಿ. ಮಾರ್ಟಿನ್ ಮತ್ತು ಆರ್. ಎಲ್. ಎಂ. ಸಿಂಜ್ ಅವರು 1941ರಲ್ಲಿ ಹಂಚಿಕೆಯ ವರ್ಣರೇಖನವನ್ನು ಪ್ರಕಟಿಸಿದಾಗ, ಚಲಿಸುವ ಪ್ರಾವಸ್ಥೆ ದ್ರವವೇ ಆಗಿರಬೇಕಿಲ್ಲ, ಆವಿಯೂ ಆಗಬಹುದೆಂದು ಸೂಚಿಸಿದ್ದರು. ಹನ್ನೊಂದು ವರ್ಷ ಯಾರೂ ಆ ಸೂಚನೆಯನ್ನು ಕಾರ್ಯಕ್ಕೆ ತರಲಿಲ್ಲ. ಕೊನೆಗೆ 1952ರಲ್ಲಿ ಎ. ಟಿ. ಜೇಮ್ಸ್ ಅವರೊಡನೆ ಮಾರ್ಟಿನ್ ಅವರೇ ಅದನ್ನು ಸಾಧಿಸಿದರು. ಅದೇ ವರ್ಷ ಮಾರ್ಟಿನ್, ಸಿಂಜ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವೂ ದೊರೆಯಿತು. ಜೇಮ್ಸ್ ಮತ್ತು ಮಾರ್ಟಿನ್ ಮೊದಲು ಬೇರ್ಪಡಿಸಿದ ವಸ್ತುಗಳು ಯಾವುವು ಎಂಬುದು ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದು. ಅವು ಫಾರ್ಮಿಕ್ ಆಮ್ಲದಿಂದ ಹಿಡಿದು ಹನ್ನೆರಡು ಇಂಗಾಲಗಳ ಲಾರಿಕ್ ಆಮ್ಲದವರೆಗಿನ ಮೇದಾಮ್ಲಗಳು. ಕಾಯಿಸಿದ ತುಪ್ಪದ ಪರಿಮಳಕ್ಕೂ ಹಳಸಿದ ತುಪ್ಪದ ಕಮಟಿಗೂ ಪಾಲುದಾರವಾದ ಬ್ಯುಟಿರಿಕ್ ಆಮ್ಲ ಈ ಸಾಲಿನಲ್ಲಿಯೇ ಇದೆ.

ತತ್ತ್ವ ಸರಳವಾದುದು. ಉದ್ದವಾದ ಕಿರುಕೊಳವೆಯೊಂದರ ಒಳಮೈಗೆ ಸುಲಭವಾಗಿ ಆವಿಯಾಗದ ದ್ರವದ ತೆಳುಲೇಪವಿರುತ್ತದೆ. ಇದು ಸ್ಥಿರ ಪ್ರಾವಸ್ಥೆ. ಈ ಕೊಳವೆಗೆ ಸ್ತಂಭವೆಂದು ಹೆಸರು. ಅದರೊಳಗೆ ನೈಟ್ರೊಜನ್, ಹೀಲಿಯಂ ಅಥವಾ ಹೈಡ್ರೊಜನ್ ಅನಿಲ ಒಂದೇ ಸಮನೆ ಹರಿಯುತ್ತಿರುತ್ತದೆ; ಇದು ವಾಹಕಾನಿಲ. ಮಿಶ್ರಣದ ಆವಿಯನ್ನು ಇದರೊಳಗೆ ಹೊಗಿಸಿದರೆ, ಪ್ರತಿಯೊಂದು ಅಂಶವೂ ಲೇಪದಲ್ಲಿ ಕರಗುತ್ತ, ಮತ್ತೆ ಅನಿಲಕ್ಕೆ ಮರಳುತ್ತ ಮುಂದೆ ಸಾಗುತ್ತದೆ.

ಹಾಸನದಿಂದ ಶ್ರವಣಬೆಳಗೊಳಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಯಾತ್ರಿಕರನ್ನು ಭಾವಿಸಿಕೊಳ್ಳಬಹುದು. ನಡೆಯುವಾಗ ಎಲ್ಲರ ನಡಿಗೆಯೂ ಒಂದೇ ವೇಗದ್ದು. ಆದರೆ ದಾರಿಯ ಅರವಟ್ಟಿಗೆಗಳಲ್ಲಿ ಒಬ್ಬನು ನೀರು ಕುಡಿದು ಹೊರಡುತ್ತಾನೆ; ಇನ್ನೊಬ್ಬನು ಕುಳಿತು ಮಾತಾಡುತ್ತಾನೆ; ಮತ್ತೊಬ್ಬನು ಒರಗಿ ನಿದ್ರಿಸುತ್ತಾನೆ. ಅವರು ಬೆಟ್ಟದ ಬುಡವನ್ನು ಸೇರುವ ಹೊತ್ತಿನ ವ್ಯತ್ಯಾಸಕ್ಕೆ ತಂಗಿದ ಕಾಲವೇ ಕಾರಣ, ನಡೆದ ವೇಗವಲ್ಲ. ಸ್ತಂಭದಲ್ಲಿಯೂ ಹೀಗೆಯೇ. ಲೇಪದಲ್ಲಿ ಹೆಚ್ಚು ಕರಗುವ ವಸ್ತು ತಡವಾಗಿ ಹೊರಬರುತ್ತದೆ. ಹೊಗಿಸಿದಂದಿನಿಂದ ಹೊರಬರುವವರೆಗಿನ ಈ ಅವಧಿಯೇ ಧಾರಣ ಕಾಲ. ಅದನ್ನು ನಿರ್ಣಯಿಸುವವು ವಸ್ತುವಿನ ಆವಿಯ ಒತ್ತಡ, ಲೇಪದೊಡನೆ ಅದಕ್ಕಿರುವ ಆಕರ್ಷಣೆ, ಸ್ತಂಭದ ಉಷ್ಣತೆ, ಉದ್ದ, ಮತ್ತು ಅನಿಲದ ವೇಗ.

ಒಂದೇ ಜಾತಿಯ ಯಾತ್ರಿಕರೂ ಒಂದೇ ಕ್ಷಣದಲ್ಲಿ ಬಂದು ಸೇರುವುದಿಲ್ಲ. ಗುಂಪು ದಾರಿಯಲ್ಲಿ ಚದರುತ್ತದೆ. ಆದುದರಿಂದಲೇ ಆಲೇಖದಲ್ಲಿ ಗೆರೆಯ ಬದಲು ಅಗಲವುಳ್ಳ ಶೃಂಗ ಮೂಡುತ್ತದೆ. ಈ ಚದರಿಕೆಯ ಕಾರಣಗಳನ್ನು ವಾನ್ ಡೀಮ್ಟರ್ ಮತ್ತು ಅವರ ಸಹೋದ್ಯೋಗಿಗಳು 1956ರಲ್ಲಿ ಮೂರಾಗಿ ವಿಂಗಡಿಸಿದರು: ತುಂಬಿದ ಸ್ತಂಭದಲ್ಲಿ ದಾರಿಗಳು ಹಲವಾಗಿರುವುದು; ಆವಿಯು ತಾನಾಗಿಯೇ ಹಿಂದುಮುಂದಾಗಿ ಹರಡುವುದು; ಅನಿಲ ಮತ್ತು ಲೇಪಗಳ ನಡುವೆ ವಿನಿಮಯ ತಡವಾಗುವುದು. ಅನಿಲ ಬಹಳ ನಿಧಾನವಾದರೆ ಎರಡನೆಯ ದೋಷ ಬೆಳೆಯುತ್ತದೆ. ಬಹಳ ವೇಗವಾದರೆ ಮೂರನೆಯದು. ನಡುವೆ ಒಂದು ಹಿತವಾದ ವೇಗವಿದೆ. ಗೋಲೆ ಎಂಬವರು 1950ರ ದಶಕದ ಕೊನೆಯಲ್ಲಿ ಒಳಗೇನನ್ನೂ ತುಂಬದೆ ಬರಿಯ ಲೇಪವನ್ನು ಹೊಂದಿದ ಕೂದಲಿನಂತಹ ಸ್ತಂಭವನ್ನು ರಚಿಸಿ ಮೊದಲನೆಯ ದೋಷವನ್ನು ತೊಡೆದುಹಾಕಿದರು. 30 ಮೀಟರ್ ಉದ್ದ, ಮಿಲಿಮೀಟರಿನ ಕಾಲುಭಾಗ ಒಳವ್ಯಾಸವುಳ್ಳ ಇಂತಹ ಸ್ತಂಭಗಳು ಇಂದು ಸಾಮಾನ್ಯವಾಗಿವೆ.

ಕೊನೆಯಲ್ಲಿ ಕಾದಿರುವವನು ಶೋಧಕ. ಮೇದಾಮ್ಲಗಳಿಗೆ ಹೆಚ್ಚಾಗಿ ಬಳಸುವ ಜ್ವಾಲಾ ಅಯಾನೀಕರಣ ಶೋಧಕದಲ್ಲಿ ಹೈಡ್ರೊಜನ್ ಜ್ವಾಲೆಯೊಂದು ಉರಿಯುತ್ತಿರುತ್ತದೆ. ಇಂಗಾಲದ ಸಂಯುಕ್ತ ಅದರಲ್ಲಿ ಬಿದ್ದೊಡನೆ ಅಯಾನುಗಳು ಹುಟ್ಟಿ ಅಲ್ಪ ವಿದ್ಯುತ್ಪ್ರವಾಹ ಹರಿಯುತ್ತದೆ. ಈ ಶೋಧಕವು ಬಂದವರನ್ನು ಎಣಿಸುವ ಕಾವಲುಗಾರ. ಬಂದವರ ಹೆಸರು ಅದಕ್ಕೆ ತಿಳಿಯದು. ಉರಿದ ಇಂಗಾಲ ತುಪ್ಪದ್ದೋ ತೆಂಗಿನೆಣ್ಣೆಯದ್ದೋ ಸೀಮೆಎಣ್ಣೆಯದ್ದೋ ಎಂಬ ಭೇದ ಜ್ವಾಲೆಗೆ ಇಲ್ಲ.

4. ಹೇತು ಮತ್ತು ಹೇತ್ವಾಭಾಸ

ಹಾಗಾದರೆ ಶೃಂಗಕ್ಕೆ ಹೆಸರು ಬರುವುದು ಎಲ್ಲಿಂದ? ಶುದ್ಧವಾದ ಬ್ಯುಟಿರಿಕ್ ಆಮ್ಲದ ಎಸ್ಟರನ್ನು ಅದೇ ಸ್ತಂಭದಲ್ಲಿ, ಅದೇ ಉಷ್ಣತೆಯಲ್ಲಿ ಹೊಗಿಸಿ, ಅದು ನಾಲ್ಕು ನಿಮಿಷಕ್ಕೆ ಹೊರಬಂದುದನ್ನು ನೋಡುತ್ತೇವೆಂದು ಇಟ್ಟುಕೊಳ್ಳೋಣ. ಅನಂತರ ಮಾದರಿಯಲ್ಲಿಯೂ ನಾಲ್ಕು ನಿಮಿಷಕ್ಕೆ ಶೃಂಗ ಕಂಡರೆ ಅದು ಅದೇ ವಸ್ತುವೆನ್ನುತ್ತೇವೆ. ಇದು ಪ್ರತ್ಯಕ್ಷವಲ್ಲ, ಅನುಮಾನ. ನಮ್ಮ ನೈಯಾಯಿಕರು ಇಂತಹ ಅನುಮಾನಗಳನ್ನು ಬಹು ಹಿಂದೆಯೇ ಪರೀಕ್ಷಿಸಿದ್ದಾರೆ. ಹೊಗೆಯಿರುವಲ್ಲೆಲ್ಲ ಬೆಂಕಿಯುಂಟು, ಆದುದರಿಂದ ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸರಿ. ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿರಬೇಕೆಂಬುದು ಸರಿಯಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ವ್ಯಾಪ್ತಿಯು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಅದನ್ನು ತಿರುಗಿಸಿ ಹಿಡಿದ ಹೇತುವಿಗೆ ಸವ್ಯಭಿಚಾರವೆಂದು ಹೆಸರು.

ಧಾರಣ ಕಾಲದ ವ್ಯಾಪ್ತಿಯೂ ಇಂತಹುದೇ. ಬ್ಯುಟಿರಿಕ್ ಎಸ್ಟರು ಇದ್ದಲ್ಲಿ ನಾಲ್ಕು ನಿಮಿಷಕ್ಕೆ ಶೃಂಗವಿರಲೇಬೇಕು; ಇದು ಸಿದ್ಧ. ನಾಲ್ಕು ನಿಮಿಷಕ್ಕೆ ಶೃಂಗವಿದ್ದಲ್ಲಿ ಬ್ಯುಟಿರಿಕ್ ಎಸ್ಟರೇ ಇರಬೇಕು, ಇದು ಸಿದ್ಧವಲ್ಲ. ಅರವಟ್ಟಿಗೆಗಳಲ್ಲಿ ಒಟ್ಟು ಅಷ್ಟೇ ಹೊತ್ತು ತಂಗಿದ ಬೇರೆ ಯಾತ್ರಿಕನೂ ಅದೇ ಗಳಿಗೆಯಲ್ಲಿ ಬಂದು ಸೇರಬಹುದು. ಇದರಿಂದ ಪಠ್ಯಗ್ರಂಥಗಳು ಒತ್ತಿ ಹೇಳದ ಒಂದು ಸಂಗತಿ ಹೊರಡುತ್ತದೆ: ಏಕಾಂಗಿಯಾದ ಅನಿಲ ವರ್ಣರೇಖನವು ‘ಇಲ್ಲ’ವೆಂಬುದಕ್ಕೆ ಬಲವಾದ ಸಾಕ್ಷಿ, ‘ಇದೆ’ಯೆಂಬುದಕ್ಕೆ ದುರ್ಬಲವಾದ ಸಾಕ್ಷಿ. ತಕ್ಕ ಹೊತ್ತಿನಲ್ಲಿ ಶೃಂಗವಿಲ್ಲದಿದ್ದರೆ, ಶೋಧಕದ ಸೂಕ್ಷ್ಮತೆಯ ಮಿತಿಯೊಳಗೆ, ಆ ವಸ್ತು ಇಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಶೃಂಗವಿದ್ದರೆ, ಇರಬಹುದೆಂದು ಹೇಳಿ ಮುಂದಿನ ಪರೀಕ್ಷೆಗೆ ಹೋಗಬೇಕು.

ಈ ವಿವೇಕವನ್ನು ವಿಜ್ಞಾನ ಲೋಕಕ್ಕೆ ಕಲಿಸಿದ ಪ್ರಸಿದ್ಧ ಪ್ರಸಂಗವೊಂದಿದೆ. ಕ್ಲೋರಿನ್ ಮೊದಲಾದ ಹ್ಯಾಲೊಜನ್‌ಗಳುಳ್ಳ ವಸ್ತುಗಳನ್ನು ಅತ್ಯಲ್ಪ ಪ್ರಮಾಣದಲ್ಲಿಯೂ ಗುರುತಿಸಬಲ್ಲ ಎಲೆಕ್ಟ್ರಾನ್ ಗ್ರಾಹಕ ಶೋಧಕವನ್ನು ಜೇಮ್ಸ್ ಲವ್‌ಲಾಕ್ 1950ರ ದಶಕದ ಕೊನೆಯಲ್ಲಿ ರೂಪಿಸಿದಾಗ, ಡಿ.ಡಿ.ಟಿ.ಯ ಶೇಷವನ್ನು ಎಲ್ಲೆಡೆ ಅಳೆಯುವುದು ಸಾಧ್ಯವಾಯಿತು. ಸ್ವೀಡನ್ನಿನ ಸೋರೆನ್ ಯೆನ್ಸೆನ್ ಮೀನು, ಹದ್ದು ಮುಂತಾದ ಜೀವಿಗಳಲ್ಲಿ ಡಿ.ಡಿ.ಟಿ.ಯ ಶೃಂಗಗಳ ಜೊತೆಜೊತೆಗೇ ಬಂದು ತೊಡಕು ಮಾಡುತ್ತಿದ್ದ ಅಪರಿಚಿತ ಶೃಂಗಗಳನ್ನು ಬೆನ್ನಟ್ಟಿದರು. ಡಿ.ಡಿ.ಟಿ. ಬಳಕೆಗೆ ಬರುವ ಮೊದಲೇ ಸಂಗ್ರಹಿಸಿಟ್ಟಿದ್ದ ಹದ್ದಿನ ಗರಿಯಲ್ಲಿಯೂ ಆ ಶೃಂಗಗಳು ಕಂಡವು. 1966ರಲ್ಲಿ ಅವು ವಿದ್ಯುತ್ ಯಂತ್ರಗಳಲ್ಲಿ ಬಳಸುತ್ತಿದ್ದ ಪಾಲಿಕ್ಲೋರಿನೇಟೆಡ್ ಬೈಫಿನೈಲ್‌ಗಳೆಂದು ಅವರು ಪ್ರಕಟಿಸಿದರು. ಅದಕ್ಕೆ ಮುಂಚೆ ಎಷ್ಟೋ ಪ್ರಯೋಗಶಾಲೆಗಳಲ್ಲಿ ಇವುಗಳ ಪಾಲೂ ಡಿ.ಡಿ.ಟಿ.ಯ ಲೆಕ್ಕಕ್ಕೆ ಸೇರಿಹೋಗಿದ್ದಿರಬೇಕು. ಯಂತ್ರ ಕೆಟ್ಟಿರಲಿಲ್ಲ; ಹೆಸರು ತಪ್ಪಿತ್ತು.

ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಬೆಳೆಗಾರನಿಗೆ ಈ ಪ್ರಸಂಗ ದೂರದ್ದಲ್ಲ. ರಾಮನಾಥಪುರದ ತಂಬಾಕು ಮಂಡಳಿಯ ಹರಾಜುಕಟ್ಟೆಯಲ್ಲಿ ಅವನ ಎಲೆಯ ಬೆಲೆಯನ್ನು ಕಣ್ಣು, ಕೈ, ಮೂಗುಗಳು ಕಟ್ಟುತ್ತವೆ. ಎಲೆಯ ಬಣ್ಣವೇ ಅಲ್ಲಿ ಮೊದಲ ಸಾಕ್ಷಿ. ಅದೇ ಎಲೆ ಹೊರದೇಶಕ್ಕೆ ಹೊರಟಾಗ ಕೀಟನಾಶಕದ ಶೇಷವನ್ನು ಅಳೆಯುವುದು ಬಣ್ಣವಿಲ್ಲದ ವರ್ಣರೇಖನ. ಹೊಗೆಸೊಪ್ಪು ನೂರಾರು ಬಾಷ್ಪಶೀಲ ವಸ್ತುಗಳ ಗಣಿ. ಅದರ ರಸದಲ್ಲಿ ಒಂದು ಶೃಂಗದ ಕೆಳಗೆ ಇನ್ನೊಂದು ಅಡಗುವುದು ಸುಲಭ. ಆದಕಾರಣ ಒಂದು ಸ್ತಂಭದಲ್ಲಿ ಕಂಡುದನ್ನು ಬೇರೆ ಧ್ರುವೀಯತೆಯ ಲೇಪವುಳ್ಳ ಇನ್ನೊಂದು ಸ್ತಂಭದಲ್ಲಿಯೂ ಕಾಣಬೇಕು. ಸಾಧ್ಯವಾದಲ್ಲಿ ಹೊರಬಂದ ಆವಿಯನ್ನು ದ್ರವ್ಯರಾಶಿ ರೋಹಿತಮಾಪಕಕ್ಕೆ ಕಳುಹಿಸಿ, ಅಣುವಿನ ಚೂರುಗಳ ತೂಕದಿಂದ ಗುರುತನ್ನು ದೃಢಪಡಿಸಬೇಕು. ಈ ಜೋಡಿಯಂತ್ರವೂ ಕೊನೆಗೆ ಹೋಲಿಕೆಯಿಂದಲೇ ಹೆಸರಿಡುತ್ತದೆ. ಗಣಕವು ತನ್ನ ಭಂಡಾರದಲ್ಲಿರುವ ಹತ್ತಿರದ ಹೋಲಿಕೆಯನ್ನು ಮುದ್ರಿಸಿಕೊಡುತ್ತದೆ. ಭಂಡಾರದಲ್ಲಿಲ್ಲದ ವಸ್ತುವಿಗೂ ಅದು ಒಂದು ಹೆಸರನ್ನು ಸೂಚಿಸಬಲ್ಲದೆಂಬುದನ್ನು ವಿದ್ಯಾರ್ಥಿಗಳು ಮರೆಯುತ್ತಾರೆ.

5. ತುಪ್ಪದ ಪರೀಕ್ಷೆ

ಈಗ ತುಪ್ಪಕ್ಕೆ ಬರೋಣ. ವರ್ಣರೇಖನಕ್ಕೆ ಮುಂಚೆ ತುಪ್ಪದ ಶುದ್ಧತೆಯನ್ನು ರೈಕರ್ಟ್–ಮೈಸ್ಲ್ ಸಂಖ್ಯೆಯಿಂದ ತಿಳಿಯುತ್ತಿದ್ದರು. 5 ಗ್ರಾಂ ಕೊಬ್ಬನ್ನು ಸಾಬೂನಾಗಿಸಿ, ಆಮ್ಲೀಕರಿಸಿ ಬಟ್ಟಿಯಿಳಿಸಿದರೆ ನೀರಿನಲ್ಲಿ ಕರಗುವ ಬಾಷ್ಪಶೀಲ ಆಮ್ಲಗಳು ಇಳಿಯುತ್ತವೆ. ಅವನ್ನು ತಟಸ್ಥಗೊಳಿಸಲು ಬೇಕಾಗುವ ಕ್ಷಾರದ ಪ್ರಮಾಣವೇ ಆ ಸಂಖ್ಯೆ. ಇದು ಮುಖ್ಯವಾಗಿ ಬ್ಯುಟಿರಿಕ್ ಆಮ್ಲದ ಅಳತೆ. ಹಾಲಿನ ಕೊಬ್ಬನ್ನು ಬಿಟ್ಟರೆ ನಾವು ತಿನ್ನುವ ಬೇರಾವ ಎಣ್ಣೆ, ಕೊಬ್ಬುಗಳಲ್ಲಿಯೂ ಈ ಆಮ್ಲ ಗಣನೀಯವಾಗಿ ಇಲ್ಲವಾದುದರಿಂದ ಪರೀಕ್ಷೆಗೆ ಬಲವಿತ್ತು. ವನಸ್ಪತಿಗೆ ಎಳ್ಳೆಣ್ಣೆಯನ್ನು ಸೇರಿಸಲೇಬೇಕೆಂಬ ಕಾನೂನು ಇದ್ದುದರಿಂದ, ಬೋದ್ವೀನ್ ಪರೀಕ್ಷೆಯ ಕೆಂಬಣ್ಣವೂ ಕಲಬೆರಕೆಯನ್ನು ಹೊರಗೆಡಹುತ್ತಿತ್ತು.

ಆದರೆ ಹಳೆಯ ಪರೀಕ್ಷಕರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿತ್ತು. ಹತ್ತಿಬೀಜವನ್ನು ಯಥೇಚ್ಛವಾಗಿ ತಿಂದ ದನದ ತುಪ್ಪದಲ್ಲಿ, ಕಲಬೆರಕೆಯಿಲ್ಲದೆಯೇ ಈ ಸಂಖ್ಯೆ ಇಳಿಯುತ್ತದೆ. ಆದುದರಿಂದಲೇ 1955ರ ಆಹಾರ ಕಲಬೆರಕೆ ನಿವಾರಣ ನಿಯಮಗಳಲ್ಲಿ ತುಪ್ಪದ ಪ್ರಮಾಣಗಳು ಪ್ರಾಂತಪ್ರಾಂತಕ್ಕೆ ಬೇರೆಯಾಗಿದ್ದವು. ಹತ್ತಿ ಬೆಳೆಯುವ ಸೀಮೆಗೆ ಪ್ರತ್ಯೇಕ ಪ್ರಮಾಣವನ್ನು ಇಡಲಾಗಿತ್ತು. ಸ್ಥೂಲವಾದ ಉಪಕರಣವನ್ನು ಹಿಡಿದಿದ್ದವರು ದೇಶಭೇದವನ್ನು ಎಣಿಸಿದ್ದರು. ಸೂಕ್ಷ್ಮವಾದ ಉಪಕರಣ ಬಂದ ಮೇಲೆ ನಾವು ಅದನ್ನು ಮರೆಯುತ್ತಿದ್ದೇವೆಂಬುದೇ ನಮ್ಮ ಮುಖ್ಯ ಆಕ್ಷೇಪಣೆ.

ವರ್ಣರೇಖನದಲ್ಲಿ ತುಪ್ಪದ ಕೊಬ್ಬನ್ನು ಮೀಥೈಲ್ ಎಸ್ಟರುಗಳಾಗಿ ಮಾರ್ಪಡಿಸಿ ಹೊಗಿಸುವುದು ವಾಡಿಕೆ. ಇಲ್ಲಿಯೇ ಮೊದಲ ಅಪಾಯವಿದೆ. ಮೀಥೈಲ್ ಬ್ಯುಟಿರೇಟು ಸುಮಾರು 102 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವ ಹಗುರ ವಸ್ತು. ನೀರಿನಲ್ಲಿಯೂ ಸ್ವಲ್ಪ ಕರಗುತ್ತದೆ. ದ್ರಾವಕವನ್ನು ಬಿಸಿಮಾಡಿ ಇಂಗಿಸಿದರೆ, ಅಥವಾ ಎಸ್ಟರನ್ನು ಅಜಾಗರೂಕತೆಯಿಂದ ತೊಳೆದರೆ, ಅದು ಜಾರಿಹೋಗುತ್ತದೆ. ಪರೀಕ್ಷಕನ ಕೈತಪ್ಪಿನಿಂದ ಶುದ್ಧವಾದ ತುಪ್ಪವೇ ಬ್ಯುಟಿರಿಕ್ ಆಮ್ಲದಲ್ಲಿ ಬಡವಾಗಿ, ಕಲಬೆರಕೆಯಂತೆ ತೋರುತ್ತದೆ. ಅಲ್ಲದೆ ಜ್ವಾಲಾ ಶೋಧಕವು ಇಂಗಾಲವನ್ನು ಎಣಿಸುವುದಾದ್ದರಿಂದ, ಆಮ್ಲಜನಕದ ಪಾಲು ಹೆಚ್ಚಿರುವ ಈ ಕಿರಿಯ ಎಸ್ಟರಿನ ತೂಕವನ್ನು ಕಡಮೆಯಾಗಿ ತೋರಿಸುತ್ತದೆ. ಅದಕ್ಕೆ ತಿದ್ದುಪಡಿಯ ಗುಣಕ ಬೇಕು. ಆಲೇಖವನ್ನು ಮಾತ್ರ ನೋಡುವವನಿಗೆ ಇವಾವುವೂ ಕಾಣುವುದಿಲ್ಲ.

ಎರಡನೆಯದು ಪ್ರಕೃತಿಯ ವೈವಿಧ್ಯ. ಹಸುವಿನ ತುಪ್ಪದಲ್ಲಿ ಬ್ಯುಟಿರಿಕ್ ಆಮ್ಲ ಸಾಧಾರಣವಾಗಿ ಶೇಕಡಾ 3ರಿಂದ 4. ಶೇಕಡಾ 3.5 ಇರುವ ತುಪ್ಪಕ್ಕೆ ಹತ್ತನೆಯ ಒಂದು ಪಾಲು ಅನ್ಯ ಕೊಬ್ಬನ್ನು ಬೆರಸಿದರೆ ಅದು 3.15ಕ್ಕೆ ಇಳಿಯುತ್ತದೆ. ಆದರೆ 3.15 ಶುದ್ಧವಾದ ತುಪ್ಪದಲ್ಲಿಯೂ ಇರಬಹುದಾದ ಅಂಕಿ! ಯಂತ್ರವು ದಶಾಂಶದ ಮೂರನೆಯ ಸ್ಥಾನದವರೆಗೆ ಅಳೆದರೂ ಇಲ್ಲಿ ಪ್ರಯೋಜನವಿಲ್ಲ. ಕಲಬೆರಕೆಯನ್ನು ಎಷ್ಟರಮಟ್ಟಿಗೆ ಕಂಡುಹಿಡಿಯಬಹುದೆಂಬುದು ಯಂತ್ರದ ಸೂಕ್ಷ್ಮತೆಗಿಂತ ಹೆಚ್ಚಾಗಿ ಶುದ್ಧ ತುಪ್ಪದ ಸಹಜ ಏರುಪೇರನ್ನು ನಾವು ಎಷ್ಟು ಬಲ್ಲೆವೆಂಬುದನ್ನು ಅವಲಂಬಿಸಿದೆ.

ಚನ್ನರಾಯಪಟ್ಟಣವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇದು ತೆಂಗಿನ ಸೀಮೆ. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು, ಎಂದರೆ ಸುಮಾರು ಶೇಕಡಾ 48, ಲಾರಿಕ್ ಆಮ್ಲ. ಹಸುವಿನ ತುಪ್ಪದಲ್ಲಿ ಸುಮಾರು 3. ತುಪ್ಪಕ್ಕೆ ಹತ್ತನೆಯ ಒಂದು ಪಾಲು ತೆಂಗಿನೆಣ್ಣೆ ಬೆರೆತರೆ ಲಾರಿಕ್ ಆಮ್ಲ 7.5ಕ್ಕೆ ಏರುತ್ತದೆ. ಈ ಕಲಬೆರಕೆಯನ್ನು ಹಿಡಿಯುವುದು ಸುಲಭವೆಂದು ತೋರುತ್ತದೆ. ಆದರೆ ಕೊಬ್ಬರಿ ಹಿಂಡಿಯಲ್ಲಿಯೂ ಎಣ್ಣೆ ಉಳಿದಿರುತ್ತದೆ. ಅದನ್ನು ಧಾರಾಳವಾಗಿ ತಿಂದ ಹಸುವಿನ ಹಾಲಿನ ಕೊಬ್ಬಿನಲ್ಲಿಯೂ ಲಾರಿಕ್, ಮಿರಿಸ್ಟಿಕ್ ಆಮ್ಲಗಳು ಏರುತ್ತವೆ. ಕೊಟ್ಟಿಗೆಯಲ್ಲಿ ಬೆರೆತುದೋ ಕೊಪ್ಪರಿಗೆಯಲ್ಲಿ ಬೆರಸಿದ್ದೋ ಎಂಬ ಪ್ರಶ್ನೆಗೆ ಲಾರಿಕ್ ಆಮ್ಲದ ಶೃಂಗವೊಂದೇ ಉತ್ತರ ಹೇಳಲಾರದು.

ಉತ್ತರ ಹೇಳಬಲ್ಲ ಮಾರ್ಗಗಳು ಇಲ್ಲದಿಲ್ಲ. ಹಸುವಿನ ದೇಹವು ಮೇವಿನ ಕೊಬ್ಬನ್ನು ಬಿಡಿಸಿ, ಕೆಚ್ಚಲಿನಲ್ಲಿ ಹೊಸದಾಗಿ ಕಟ್ಟುತ್ತದೆ. ಮೂರು ಮೇದಾಮ್ಲಗಳು ಒಂದು ಗ್ಲಿಸರಿನ್ನಿಗೆ ಕೂಡಿದ ಟ್ರೈಗ್ಲಿಸರೈಡಿನ ರೂಪದಲ್ಲಿಯೇ ಕೊಬ್ಬನ್ನು ಪರೀಕ್ಷಿಸಿದರೆ, ಹೊರಗಿನಿಂದ ಬೆರಸಿದ ಎಣ್ಣೆಯ ಕಟ್ಟಡ ಒಡೆಯದೆ ಹಾಗೆಯೇ ಕಾಣುತ್ತದೆ. ಸಸ್ಯದ ಸ್ಟೆರಾಲುಗಳನ್ನು ಹುಡುಕುವುದು ಇನ್ನೊಂದು ಮಾರ್ಗ. ಮೇವಿನಿಂದ ಅವು ಹಾಲಿಗೆ ಇಳಿಯುವುದು ಅತ್ಯಲ್ಪ. ಆದರೆ ಪ್ರಾಣಿಯ ಕೊಬ್ಬನ್ನು ಬೆರಸಿದಾಗ ಈ ಸಾಕ್ಷಿ ಮೌನವಾಗಿರುತ್ತದೆ. ಒಂದು ಸಾಕ್ಷಿ ಮಾತಾಡುವಲ್ಲಿ ಇನ್ನೊಂದು ಸುಮ್ಮನಿರುವುದರಿಂದ, ಹಲವು ಸಾಕ್ಷಿಗಳನ್ನು ಕೂಡಿಸಿಯೇ ತೀರ್ಮಾನಿಸಬೇಕು.

6. ಸಮೀಕರಣದ ಶಿರೋನಾಮೆ

ಮೇಲೆ ಹೇಳಿದ ಟ್ರೈಗ್ಲಿಸರೈಡಿನ ಮಾರ್ಗವೇ ಐ.ಎಸ್.ಓ. 17678 ಎಂಬ ಅಂತರರಾಷ್ಟ್ರೀಯ ವಿಧಾನ. ಜರ್ಮನಿಯ ಕೀಲ್ ನಗರದ ಪ್ರೆಷ್ಟ್ ಅವರು 1990ರ ದಶಕದ ಆರಂಭದಲ್ಲಿ ರೂಪಿಸಿದ ಸಮೀಕರಣಗಳು ಇದಕ್ಕೆ ಆಧಾರ. ಇಂಗಾಲದ ಸಂಖ್ಯೆಯಿಂದ ವಿಂಗಡಿಸಿದ ಟ್ರೈಗ್ಲಿಸರೈಡುಗಳ ಪ್ರಮಾಣಗಳನ್ನು ಐದು ಸಮೀಕರಣಗಳಲ್ಲಿ ಇಟ್ಟರೆ ಐದು ‘ಎಸ್’ ಮೌಲ್ಯಗಳು ದೊರೆಯುತ್ತವೆ. ಶುದ್ಧವಾದ ಹಾಲಿನ ಕೊಬ್ಬಿನಲ್ಲಿ ಅವೆಲ್ಲ 100ರ ಆಸುಪಾಸಿನಲ್ಲಿರಬೇಕು. ಒಟ್ಟು ಮೌಲ್ಯಕ್ಕೆ 95.68ರಿಂದ 104.32ರ ಅವಕಾಶವುಂಟು.

ಉಳಿದ ನಾಲ್ಕು ಸಮೀಕರಣಗಳಿಗೆ ಒಂದೊಂದು ಶಿರೋನಾಮೆಯಿದೆ. ಸೋಯಾ, ಸೂರ್ಯಕಾಂತಿ, ಹತ್ತಿಬೀಜ ಮುಂತಾದ ಎಣ್ಣೆಗಳೂ ಮೀನಿನ ಎಣ್ಣೆಯೂ ಒಂದು ಸಮೀಕರಣದಲ್ಲಿವೆ. ತೆಂಗು ಮತ್ತು ತಾಳೆತಿರುಳಿನ ಎಣ್ಣೆಗಳು ಇನ್ನೊಂದರಲ್ಲಿ. ತಾಳೆಎಣ್ಣೆಯೂ ದನದ ಕೊಬ್ಬೂ ಮತ್ತೊಂದರಲ್ಲಿ. ಹಂದಿಯ ಕೊಬ್ಬು ನಾಲ್ಕನೆಯದರಲ್ಲಿ. ತಾಳೆಎಣ್ಣೆ, ದನದ ಕೊಬ್ಬುಗಳಿಗೆ ಒಂದೇ ಸಮೀಕರಣವೆಂಬುದನ್ನು ಗಮನಿಸಬೇಕು. ಗಿಡದಿಂದ ಬಂದುದನ್ನೂ ಪ್ರಾಣಿಯಿಂದ ಬಂದುದನ್ನೂ ಅದು ಬೇರ್ಪಡಿಸಲಾರದು. ಅನ್ಯ ಕೊಬ್ಬಿನ ಪ್ರಮಾಣ ಹೆಚ್ಚಾಗಿದ್ದರೆ, ಅದು ಯಾವುದೇ ಆಗಿರಲಿ, ನಾಲ್ಕು ಸಮೀಕರಣಗಳೂ ಎಲ್ಲೆ ಮೀರಬಹುದು. ಆಗ ಪಟ್ಟಿಯಲ್ಲಿರುವ ಹೆಸರುಗಳೆಲ್ಲ ಸಾಲಾಗಿ ಕಾಣುತ್ತವೆ. ಅವು ಸಮೀಕರಣಗಳ ಶಿರೋನಾಮೆಗಳೇ ಹೊರತು ಮಾದರಿಯಲ್ಲಿ ಕಂಡ ವಸ್ತುಗಳ ಪಟ್ಟಿಯಲ್ಲ.

2024ರಲ್ಲಿ ಜನರು ಓದಿದ್ದು ಈ ಶಿರೋನಾಮೆಗಳನ್ನು. ಮೌಲ್ಯಗಳು ಎಲ್ಲೆಯ ಹೊರಗಿವೆಯೆಂಬ ವರದಿಯ ಅಂಶವು ಗುರುತರವಾದುದು. ಅದನ್ನು ಹಗುರ ಮಾಡುವುದು ನಮ್ಮ ಅಭಿಪ್ರಾಯವಲ್ಲ. ಆದರೆ ‘ಇದು ಸಹಜವಾದ ಹಸುವಿನ ತುಪ್ಪದಂತಿಲ್ಲ’ ಎಂಬ ವಾಕ್ಯಕ್ಕೂ ‘ಇದರಲ್ಲಿ ಇಂತಹ ಪ್ರಾಣಿಯ ಕೊಬ್ಬಿದೆ’ ಎಂಬ ವಾಕ್ಯಕ್ಕೂ ಇರುವ ಅಂತರವನ್ನು ಒಂದು ರಾತ್ರಿಯಲ್ಲಿ ದಾಟಲಾಯಿತು. ಮೊದಲನೆಯದು ಯಂತ್ರದ ಮಾತು; ಎರಡನೆಯದಕ್ಕೆ ಬೇರೆ ಪ್ರಮಾಣ ಬೇಕು. ಅದೇ ವರದಿಯಲ್ಲಿ, ಯಾವ ಸಂದರ್ಭಗಳಲ್ಲಿ ಈ ಪರೀಕ್ಷೆಯು ಶುದ್ಧವಾದುದನ್ನೂ ಅಶುದ್ಧವೆನ್ನಬಹುದೆಂಬ ಸೂಚನೆಗಳೂ ಇದ್ದವು. ಅವನ್ನು ಓದಿದವರು ವಿರಳ.

ಆ ಸೂಚನೆಗಳು ನಮ್ಮ ತಾಲ್ಲೂಕುಗಳಿಗೆ ನೇರವಾಗಿ ಅನ್ವಯಿಸುತ್ತವೆ. ಈ ವಿಧಾನ ಹಸುವಿನ ಹಾಲಿಗೆ ಮಾತ್ರ, ಎಮ್ಮೆಯದಕ್ಕಲ್ಲ, ಹಲವು ಹಸುಗಳ ಕೂಡಿದ ಹಾಲಿಗೆ, ಒಂಟಿ ಹಸುವಿನದಕ್ಕಲ್ಲ, ಗಿಣ್ಣುಹಾಲಿಗೂ ಅಲ್ಲ, ಮೇವಿನಲ್ಲಿ ಹತ್ತಿಬೀಜದ ಅಥವಾ ತಾಳೆಯ ಎಣ್ಣೆ ಅತಿಯಾಗಿದ್ದಲ್ಲಿಯೂ ಅಲ್ಲ. ಹೊಳೆನರಸೀಪುರದ ಹಳ್ಳಿಯೊಂದರ ಹಾಲು ಸಂಘದಲ್ಲಿ ಒಬ್ಬನ ಮಿಶ್ರತಳಿಯ ಹಸುವಿನ ಹಾಲಿನೊಡನೆ ನೆರೆಯವನ ಎಮ್ಮೆಯ ಹಾಲೂ ಒಂದೇ ಕ್ಯಾನಿಗೆ ಸೇರಿದರೆ, ವಿಧಾನದ ಮೊದಲನೆಯ ಷರತ್ತೇ ಮುರಿಯಿತು. ಮನೆಯಲ್ಲಿ ಒಂದೇ ಹಳ್ಳಿಕಾರ್ ಹಸುವನ್ನು ಸಾಕಿ, ಬೆಣ್ಣೆ ಕಾಯಿಸಿ ಸಂತೆಗೆ ತರುವ ಹೆಂಗಸಿನ ತುಪ್ಪ ಎರಡನೆಯ ಷರತ್ತಿಗೆ ಹೊರಗು. ಇಲ್ಲಿ ಯಾರೂ ಮೋಸ ಮಾಡಿಲ್ಲ. ಆದರೂ ಅಂಕಿ ಎಲ್ಲೆ ಮೀರಬಹುದು.

ಹಾಸನದ ಹಾಲು ಒಕ್ಕೂಟ 1977ರಿಂದ ಇದೆ. ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಹಾಲು ಅದಕ್ಕೆ ಸೇರುತ್ತದೆ. ಅದು ಸದಸ್ಯವಾಗಿರುವ ಕರ್ನಾಟಕ ಹಾಲು ಮಹಾಮಂಡಲದ ನಂದಿನಿ ತುಪ್ಪ 2024ರಲ್ಲಿ ಮತ್ತೆ ತಿರುಮಲಕ್ಕೆ ಹೋಗತೊಡಗಿತು. ಈ ಸೀಮೆಯ ಸಣ್ಣ ಹಿಡುವಳಿದಾರನ ಬಾಳು ಎರಡು ಹಸುಗಳ ಮೇಲೆ ನಿಂತಿದೆ. ಒಂದು ಶೃಂಗಕ್ಕೆ ತಪ್ಪು ಹೆಸರಿಟ್ಟರೆ ನಷ್ಟವಾಗುವುದು ಅವನಿಗೆ. ಸರಿಯಾದ ಹೆಸರನ್ನು ಇಡದಿದ್ದರೆ ಮೋಸವಾಗುವುದು ಕೊಳ್ಳುವವನಿಗೆ.

7. ಆಕ್ಷೇಪ ಮತ್ತು ಸಮಾಧಾನ

ಇಂತಹ ಸಂಶಯಗಳು ಕಲಬೆರಕೆ ಮಾಡುವವನ ಕೈಗೆ ಗುರಾಣಿಯಾಗುತ್ತವೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನಿರಾಧಾರವಲ್ಲ. ಆದರೆ ಗುರಾಣಿ ದೊರೆಯುವುದು ನಾವು ಮಿತಿಗಳನ್ನು ಹೇಳುವುದರಿಂದಲ್ಲ, ಅವನ್ನು ಮೊದಲೇ ಅಳೆದಿಡದಿರುವುದರಿಂದ. ನಮ್ಮ ಸೀಮೆಯ ಶುದ್ಧ ತುಪ್ಪ ಎಷ್ಟರಿಂದ ಎಷ್ಟರವರೆಗೆ ಏರುಪೇರಾಗುತ್ತದೆಂಬ ದಾಖಲೆ ಕೈಯಲ್ಲಿದ್ದರೆ, ಮೇವಿನ ನೆಪ ಹೇಳುವ ಮೋಸಗಾರನ ಬಾಯಿ ತಾನಾಗಿ ಮುಚ್ಚುತ್ತದೆ. ದಾಖಲೆಯಿಲ್ಲದಿದ್ದರೆ ಅವನ ನೆಪವೂ ಪ್ರಾಮಾಣಿಕನ ಅಳಲೂ ಒಂದೇ ತೂಕದವಾಗುತ್ತವೆ.

ಆದುದರಿಂದ ವಿಭಾಗಗಳು ಎರಡು ಕಾರ್ಯಗಳನ್ನು ಕೈಗೊಳ್ಳಬೇಕೆಂದು ಸೂಚಿಸುತ್ತೇವೆ. ಮೊದಲನೆಯದು, ನಾಲ್ಕು ತಾಲ್ಲೂಕುಗಳಿಂದಲೂ ಮುಂಗಾರು, ಹಿಂಗಾರು, ಬೇಸಗೆಗಳಲ್ಲಿ ನಮ್ಮ ಕಣ್ಣೆದುರಿಗೆ ಕರೆದ ಹಾಲಿನಿಂದ ತುಪ್ಪವನ್ನು ಮಾಡಿಸಿ, ತಳಿ, ಕರುಹಾಕಿದ ತಿಂಗಳು, ತಿಂದ ಹುಲ್ಲು, ಹಿಂಡಿ, ಬೂಸಾಗಳ ವಿವರದೊಡನೆ ಅದರ ಮೇದಾಮ್ಲಗಳನ್ನೂ ಟ್ರೈಗ್ಲಿಸರೈಡುಗಳನ್ನೂ ಸ್ಟೆರಾಲುಗಳನ್ನೂ ಅಳೆದಿಡುವುದು. ಹಸುವಿನದೂ ಎಮ್ಮೆಯದೂ ಬೇರೆಬೇರೆಯಾಗಿರಬೇಕು. ಅನಂತರ ತಿಳಿದ ಪ್ರಮಾಣದಲ್ಲಿ ಬೆರಸಿಯೂ ನೋಡಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಮಾಡಬಹುದಾದ, ಹೊರಗಿನವರು ನಮಗಾಗಿ ಮಾಡಿಕೊಡದ ಕೆಲಸವಿದು.

ಎರಡನೆಯದು, ವರದಿ ಬರೆಯುವ ಕ್ರಮ. ಪ್ರತಿಯೊಂದು ಆಲೇಖದ ಕೆಳಗೆ ಮೂರು ಪಂಕ್ತಿಗಳಿರಲಿ: ಯಂತ್ರ ಕಂಡದ್ದೇನು, ಅದರಿಂದ ನಾವು ಊಹಿಸಿದ್ದೇನು, ಆ ಊಹೆಗೆ ಯಾವ ಷರತ್ತುಗಳನ್ನು ಒಪ್ಪಿಕೊಂಡೆವು. ಮೂರನ್ನೂ ಕನ್ನಡದಲ್ಲಿ, ಹಾಲು ಹಾಕುವವನು ಓದಿ ತಿಳಿಯುವಂತೆ ಬರೆಯಬೇಕು. ತನ್ನ ಹಾಲನ್ನು ತಿರಸ್ಕರಿಸಿದ ಕಾರಣವನ್ನು ಕೇಳುವ ಹಕ್ಕು ಅವನಿಗಿದೆ. ಆ ಕಾರಣದಲ್ಲಿ ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ತಿಳಿಯುವ ಹಕ್ಕೂ ಇದೆ.

ಟ್ಸ್ವೆಟ್ಟನ ಕೊಳವೆಯಲ್ಲಿ ಬಣ್ಣವು ನೋಡುವವನೊಡನೆ ನೇರವಾಗಿ ಮಾತಾಡುತ್ತಿತ್ತು. ಈಗ ಬಣ್ಣವಿಲ್ಲ, ಆ ಮಾತನ್ನು ನಾವೇ ಆಡಬೇಕಾಗಿದೆ. ಆಡುವ ಮಾತಿಗೆ ನಾವೇ ಹೊಣೆಯೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಅನಿಲ ವರ್ಣರೇಖನದಂತಹ ಸಾಧನ ಇನ್ನೊಂದಿಲ್ಲ.